ಇನ್ನೂರ ಹದಿನಾಲ್ಕನೇ ನಂಬರು

ಬಸ್ಸಿನ ಹಿಂದೆ ಓಡಿಬರುವವರನ್ನು ನೋಡಿ ಮೂವತ್ತು ವರ್ಷ ನಕ್ಕ ನಮ್ಮ ಬೀದಿಯ ಕಂಡಕ್ಟರು ಈಗ ತಾವೇ ಓಡತೊಡಗಿದ್ದಾರೆ. ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಇನ್ನೊಂದು ಡಯಾಲಿಸಿಸ್ ಯಂತ್ರ ತರಲು ನಡೆಯುವ ಐದು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಾಗಿನಿಂದ ಅವರ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ; ಬಸ್ ಸ್ಟಾಪ್ ಕಂಡಲ್ಲಿ ಮಾತ್ರ ಅಭ್ಯಾಸಬಲದಿಂದ ತಾನಾಗಿ ನಿಂತುಬಿಡುತ್ತದೆ. ಆಗ ಕೊರಳಿನ ಹಳೇ ಸೀಟಿ ಊದಿ, “ರೈಟ್, ರೈಟ್!” ಎಂದು ತಮಗೆ ತಾವೇ ಕೂಗಿಕೊಂಡು ಮತ್ತೆ ಹೊರಡುತ್ತಾರೆ. ಏದುಸಿರು ಬಂದರೆ ಕುಲುಕುವ ಹೊಟ್ಟೆಯನ್ನು ಗದರುತ್ತಾರೆ: “ಒಳಗೆ ಹೋಗಿ ಸ್ವಾಮಿ, ಒಳಗೆ ಬೇಕಾದಷ್ಟು ಜಾಗ ಇದೆ!” ನಿನ್ನೆ ಓಟದ ನಂಬರು ಬಂತು, ಎದೆಗೆ ಸಿಕ್ಕಿಸಿಕೊಂಡು ಮನೆ ತುಂಬ ಮೆರೆದರು. ವಾರಕ್ಕೆರಡು ಸಲ ಅದೇ ವಾರ್ಡಿನಲ್ಲಿ ಸರದಿ ಕಾಯುವ ಮೊಮ್ಮಗಳು ಕೇಳಿದಳು: “ತಾತಾ, ಈ ನಂಬರು ಎಲ್ಲಿಗೆ ಹೋಗುತ್ತೆ?” “ನಿನ್ನ ಆಸ್ಪತ್ರೆಗೆ ಪುಟ್ಟಿ,” ಎಂದರು ತಾತ. “ನಡುವೆ ಎಲ್ಲೂ ಸ್ಟಾಪಿಲ್ಲ.”