ನೆಲಮಾಳಿಗೆಯಲ್ಲಿ ಬಾಣಂತನ

ಮನೆಯೊಳಗೆ ನಿಂತು ನನ್ನ ಉಸಿರನ್ನು ನಾನೇ ಕಣ್ಣಾರೆ ಕಂಡದ್ದು ಲಂಡನ್ನಿನ ಹ್ಯಾರೋದ ಈ ಮನೆಯಲ್ಲಿ. ಕೀಲಿಕೈ ಸಿಕ್ಕ ದಿನ ಖುಷಿಯಿಂದ ಒಂದೊಂದೇ ಬಾಗಿಲು ತೆರೆಯುತ್ತ ಹೋದೆ. ಅಡುಗೆಮನೆಯ ಪಕ್ಕದ ಕಿರುಬಾಗಿಲು ತೆಗೆದರೆ ಕೆಳಗಿಳಿಯುವ ಮೆಟ್ಟಿಲು. ಇಳಿದು ಲೈಟು ಹಾಕಿದೆ. ಮುಖದ ಮುಂದೆ ಬಿಳಿ ಹೊಗೆ. ಏನೋ ಹೊತ್ತಿಕೊಂಡಿದೆ ಎಂದು ಮೂಗರಳಿಸಿ ಮೂಲೆಮೂಲೆ ಹುಡುಕಿದೆ. ಗಾಬರಿಯಿಂದ ಗಂಡನನ್ನು ಕೂಗಿದರೆ ಕೂಗಿನ ಜೊತೆ ಇನ್ನಷ್ಟು ಹೊಗೆ ಬಂತು. ಅದು ನನ್ನ ಬಾಯಿಂದಲೇ ಬರುತ್ತಿತ್ತು.

ಇದಕ್ಕೆ ಇಲ್ಲಿಯವರು ಸೆಲ್ಲರ್ ಅನ್ನುತ್ತಾರೆ. ಹಿಂದಿನ ಕಾಲದಲ್ಲಿ ಕಲ್ಲಿದ್ದಲು ತುಂಬಿಡುತ್ತಿದ್ದ ನೆಲಮಾಳಿಗೆ. ನಮ್ಮ ಕುಂದಾಪುರ ಕಡೆ ಮನೆಯ ನೆಲದಡಿಗೆ ಯಾರೂ ಇಳಿಯುವುದಿಲ್ಲ. ಆಳುದ್ದ ಅಗೆಯುವಷ್ಟರಲ್ಲಿ ನೀರು ಉಕ್ಕುವ ಜಾಗದಲ್ಲಿ ಕೋಣೆ ಕಟ್ಟುವ ಹುಚ್ಚು ಯಾರಿಗಿದೆ? ಅಲ್ಲಿ ಮನೆ ಕಟ್ಟುವವರು ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ನೋಡಿ ಕಿಟಕಿ ಇಡುತ್ತಾರೆ. ಇಲ್ಲಿಯವರು ಗಾಳಿ ಎಲ್ಲಿಂದ ನುಸುಳುತ್ತದೆ ಎಂದು ನೋಡಿ ಅಲ್ಲಿ ಮೊಳೆ ಹೊಡೆಯುತ್ತಾರೆ. ಹಳೆಯದು, ತೇವದ್ದು ಎಂದು ಯಾರೂ ಮೂಸದ ಮನೆಯಾದ್ದರಿಂದಲೇ ಅದು ಕಡಿಮೆ ಬೆಲೆಗೆ ನಮ್ಮ ಕೈಗೆ ಬಂದದ್ದು. ನನ್ನ ಗಂಡ ಸುಧಾಕರ ಇಲ್ಲಿಯ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವರು. ನಾನು ಬೆಳಿಗ್ಗೆ ಮೆಟ್ರೊಪಾಲಿಟನ್ ಲೈನ್ ರೈಲು ಹಿಡಿದು ಪೇಟೆಯ ಒಂದು ಕಚೇರಿಗೆ ಹೋಗುತ್ತಿದ್ದೆ. ಮಹಡಿಯ ಎರಡು ಕೋಣೆಗಳಲ್ಲಿ ಒಂದರಲ್ಲಿ ನಾವು, ಇನ್ನೊಂದರಲ್ಲಿ ಬಾಡಿಗೆಗಿದ್ದ ಅದೇ ಹೋಟೆಲಿನ ಇಬ್ಬರು. ನೆಲಮಾಳಿಗೆ ಖಾಲಿ ಬಿದ್ದಿತ್ತು.

ಇಲ್ಲಿ ಒಲಿಂಪಿಕ್ಸ್ ಮುಗಿದ ಮರುವರ್ಷ ನಾನು ಬಸುರಿಯಾದೆ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು. ಅದು ನಮ್ಮಲ್ಲಿ ಕಾಯಿದೆಗಿಂತ ಮೇಲು. ಆದರೆ ನನ್ನ ವೀಸಾದ ಕಾಗದಪತ್ರ ಆಗ ನಡುದಾರಿಯಲ್ಲಿತ್ತು, ದೇಶ ಬಿಟ್ಟು ಹೋಗುವಂತಿರಲಿಲ್ಲ. ಹಾಗಾದರೆ ನಾನೇ ಬರುತ್ತೇನೆ ಎಂದು ಅಮ್ಮ ಫೋನಿನಲ್ಲಿ ಹೇಳಿಬಿಟ್ಟಳು. ಅಮ್ಮ ಎಲ್ಲಿ ಮಲಗುವುದು, ನಾನು ಮತ್ತು ಮಗು ಎಲ್ಲಿ?

ಉತ್ತರ ಲಂಡನ್ನಿನದೇ ಇನ್ನೊಂದು ಬಡಾವಣೆ ಕೊಲಿಂಡೇಲಿನಿಂದ ಬಂತು. ಸುಧಾಕರನ ಅಣ್ಣ, ಅಂದರೆ ನನ್ನ ಭಾವ, ಅಲ್ಲಿ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನಲ್ಲಿದ್ದರು. ಗುಂಡಿ ಒತ್ತಿದರೆ ಬಿಸಿ, ಗುಂಡಿ ಒತ್ತಿದರೆ ಲಿಫ್ಟು. ಓರಗಿತ್ತಿ ಶಾಲಿನಿ ಬೆಂಗಳೂರಿನವಳು, ಮನಸ್ಸು ಒಳ್ಳೆಯದು, ನಾಲಿಗೆಗೆ ಮಾತ್ರ ಬಾಗಿಲಿಲ್ಲ. ಬಾಣಂತನ ನಮ್ಮ ಫ್ಲಾಟಿನಲ್ಲೇ ಆಗಲಿ, ನಿಮ್ಮಮ್ಮನೂ ಅಲ್ಲೇ ಇರಲಿ ಎಂದಳು. ನಾನು ಒಪ್ಪಲಿಲ್ಲ. ನನ್ನಮ್ಮ ಸಮುದ್ರ ದಾಟಿ ಬಂದು ಬೀಗರ ಮನೆಯ ಒಲೆಯ ಮುಂದೆ ಅನುಮತಿ ಕೇಳಿ ಬೆಳ್ಳುಳ್ಳಿ ಹುರಿಯಬೇಕೆ? ಬಾಣಂತನವಾದರೆ ನನ್ನ ಮನೆಯಲ್ಲೇ ಎಂದೆ. ಎಲ್ಲಿ ಎಂದು ಸುಧಾಕರ ಕೇಳಿದರು. ನಾನು ಕೆಳಗೆ ಕೈ ತೋರಿಸಿದೆ.

ಚಳಿ ಒಳಗೆ ಬರದಂತೆ ಗೋಡೆಗೆ, ನೆಲಕ್ಕೆ ಹೊದಿಕೆ ಕೊಡುವುದಕ್ಕೆ ಇಲ್ಲಿ ಇನ್ಸುಲೇಶನ್ ಅನ್ನುತ್ತಾರೆ. ಕಲ್ಲಿನಿಂದ ತೆಗೆದ ಉಣ್ಣೆ ಎಂದು ಅಂಗಡಿಯವನು ತೋರಿಸಿದಾಗ ನನ್ನನ್ನು ಮಂಗ ಮಾಡುತ್ತಿದ್ದಾನೆ ಅಂದುಕೊಂಡೆ. ನಿಜವಾಗಿಯೂ ಕಲ್ಲಿನದೇ. ಅದರ ಸುರುಳಿಗಳನ್ನು ನಾವಿಬ್ಬರೂ ಬಸ್ಸಿನಲ್ಲೇ ಸಾಗಿಸಿದೆವು. ಹ್ಯಾರೋದಲ್ಲಿ ಮನೆಗೊಂದು ಕಾರಿದ್ದರೂ ನಮಗಿರಲಿಲ್ಲ. ಬಸುರಿಯೆಂದು ಒಬ್ಬರು ಎದ್ದು ನನಗೆ ಸೀಟು ಕೊಟ್ಟರೆ, ಪಕ್ಕದವರು ನನ್ನ ಸುರುಳಿಗೂ ಒಂದು ಸೀಟು ಬಿಟ್ಟುಕೊಟ್ಟರು. ಜನ ನೋಡಿದರು, ನೋಡಲಿ. ಈ ಊರಿಗೆ ಬಂದ ಮೊದಲ ವರ್ಷ ಬಸ್ಸಿನಲ್ಲಿ ಕನ್ನಡದಲ್ಲಿ ಫೋನು ಮಾಡಲೂ ನಾಚುತ್ತಿದ್ದವಳು ನಾನು. ಅಂದು ಸುರುಳಿಯನ್ನು ತಬ್ಬಿಕೊಂಡು ರಾಣಿಯ ಹಾಗೆ ಕೂತಿದ್ದೆ.

ರಜೆಯ ದಿನಗಳಲ್ಲಿ ಸುಧಾಕರ ಮತ್ತು ಬಾಡಿಗೆಯ ಹುಡುಗರು ಸೇರಿ ಕಲ್ಲುಣ್ಣೆಯನ್ನು ಇಟ್ಟಿಗೆ ಗೋಡೆಗೆ ಒತ್ತಿ, ಮೇಲೆ ಹಲಗೆ ಬಡಿದರು. ಅಮ್ಮ ಬಂದಿಳಿಯುವ ಹೊತ್ತಿಗೆ ಕೋಣೆ ಸಿದ್ಧವಾಗಿತ್ತು. ಅವಳು ಶಾಲು ಹೊದ್ದು ಕೆಳಗಿಳಿದು, ಗೋಡೆ ತಟ್ಟಿ, ನೆಲ ಮುಟ್ಟಿ, ಒಂದು ಮೂಲೆಯಲ್ಲಿ ನಿಂತಳು. ಅಲ್ಲಿ ಏರ್‌ಬ್ರಿಕ್ ಇತ್ತು. ಅದು ನೆಲಮಾಳಿಗೆಗೆ ಗಾಳಿಯಾಡಲೆಂದು ಗೋಡೆಯಲ್ಲೇ ಕೂರಿಸಿದ ತೂತಿನ ಇಟ್ಟಿಗೆ. ಅಮ್ಮ ಅದರ ಮುಂದೆ ಅಂಗೈ ಹಿಡಿದು ನೋಡಿ ತೀರ್ಪು ಕೊಟ್ಟಳು.

"ಬಾಳಂತಿ ಕೋಣಿಯೊಳ್ಗೆ ಗಾಳಿ ಹೊಗುಕಾಗ."

ತನ್ನ ಹಳೆಯ ಸೀರೆ ಹರಿದು ಆ ತೂತುಗಳಿಗೆಲ್ಲ ತುರುಕಿದಳು. ನನಗೂ ಅದು ಸರಿಯೇ ಅನ್ನಿಸಿತು. ಬಾಣಂತಿಯ ಕೋಣೆಯೆಂದರೆ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಕಿವಿಗೆ ಹತ್ತಿ ಇಟ್ಟು ಕೂರುವುದು. ಸೆಕೆಯ ನಾಡಿನವರಿಗೆ ಬೆಚ್ಚಗಿಡುವುದು ಏನು ಗೊತ್ತು ಎಂದು ಯಾರಾದರೂ ಕೇಳಿದರೆ ಕುಂದಾಪುರದ ಒಬ್ಬ ಬಾಣಂತಿಯನ್ನು ತೋರಿಸಿದರೆ ಸಾಕು. ಕೋಣೆ ಬೆಚ್ಚಗಾಯಿತು. ನಾವು ಮೂವರೂ ಹೆಮ್ಮೆಯಿಂದ ಅಲ್ಲೇ ಕೂತು ಕಾಫಿ ಕುಡಿದೆವು.

ಹದಿನೈದು ದಿನ ಕಳೆದಿರಬಹುದು, ಒದ್ದೆ ಗೋಣಿಯ ವಾಸನೆ ಶುರುವಾಯಿತು. ಹಲಗೆಯ ಅಂಚಿನಲ್ಲಿ ಮೊದಲು ಬೂದು, ಆಮೇಲೆ ಕಪ್ಪು ಚುಕ್ಕೆ. ಒಂದು ಹಲಗೆ ಕಿತ್ತು ನೋಡಿದರೆ ಕಲ್ಲುಣ್ಣೆ ಹಿಂಡುವಷ್ಟು ಒದ್ದೆ. ಒಳಗಿನ ಬೆಚ್ಚನೆಯ ಗಾಳಿಯ ಪಸೆಯೆಲ್ಲ ತಣ್ಣನೆಯ ಇಟ್ಟಿಗೆಗೆ ತಾಗಿ ನೀರಾಗಿ, ಹೋಗಲು ದಾರಿಯಿಲ್ಲದೆ ಅಲ್ಲೇ ಕೊಳೆಯುತ್ತಿತ್ತು. ಅದೇ ಭಾನುವಾರ ಭಾವ ಮತ್ತು ಶಾಲಿನಿ ಬಂದರು. ಶಾಲಿನಿ ಅರ್ಧ ಮೆಟ್ಟಿಲಿಳಿದು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇದು ಗೋರಿ ಥರ ಇದೆ ಕಣೇ. ಹಸುಗೂಸನ್ನ ಇಲ್ಲಿ ಮಲಗಿಸ್ತೀಯಾ?"

ಕ್ರಿಸ್ಮಸ್ ಒಳಗೆ ಇದು ಸರಿಯಾಗದಿದ್ದರೆ ನೀವೆಲ್ಲ ಕೊಲಿಂಡೇಲಿಗೆ ಬರತಕ್ಕದ್ದು ಎಂದು ಭಾವ ತಮ್ಮನಿಗೆ ಹೇಳಿದರು. ಸುಧಾಕರ ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ನನಗೆ ಶಾಲಿನಿಯ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು. ಅವರಿಬ್ಬರೂ ಹೋದ ಮೇಲೆ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತೆ. ಸಿಟ್ಟಿಗೆ ಅತ್ತೆ, ಹೆದರಿಕೆಗೂ ಅತ್ತೆ. ಶಾಲಿನಿ ಹೇಳಿದ್ದು ಸುಳ್ಳಾಗಿರಲಿಲ್ಲ. ಆ ಕಪ್ಪು ಬೂಷ್ಟಿನ ನಡುವೆ ನಾನೂ ಮಗುವನ್ನು ಮಲಗಿಸುತ್ತಿರಲಿಲ್ಲ.

ಅಮ್ಮ ಕಿತ್ತ ಹಲಗೆಯ ಹಿಂದೆ ಕೈ ಹಾಕಿ ತಡವುತ್ತಿದ್ದಳು. ಆಮೇಲೆ ನನ್ನ ಪಕ್ಕ ಬಂದು ಕೂತಳು.

"ಅಕ್ಕಿ ಮುಡಿ ಗ್ವಾಡಿಗೆ ತಾಗ್ಸಿ ಇಡ್ತ್ರಾ ಹೆಣ್ಣೆ? ಮಳಿಗಾಲ ಮುಗುದ್ರೊಳ್ಗೆ ಕಪ್ಪಾತಿಲ್ಯಾ?"

ಮುಡಿ ಕಾಣದವರಿಗೆ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಅಕ್ಕಿಯನ್ನು ಒಣಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು, ದೊಡ್ಡ ಚೆಂಡಿನ ಹಾಗೆ ಮುಡಿ ಕಟ್ಟುತ್ತಿದ್ದರು. ಹೊರಗೆ ಮಳೆ ಹೇಗೇ ಸುರಿಯಲಿ, ಒಳಗಿನ ಅಕ್ಕಿ ಗರಿಗರಿ. ಆದರೆ ಅದನ್ನು ಹಲಗೆಯ ಮೇಲೆ, ಗೋಡೆಯಿಂದ ಗೇಣು ದೂರ ಇಡಬೇಕು. ಅಮ್ಮನ ಮನೆಯಲ್ಲಿ ಗೋಡೆಗೂ ಮುಡಿಗೂ ನಡುವೆ ಅವಳ ತೋಳು ಆಡಬೇಕಿತ್ತು. ಈ ಬುದ್ಧಿ ಸೀರೆ ತುರುಕುವಾಗ ಎಲ್ಲಿ ಹೋಗಿತ್ತು ಎಂದು ಕೇಳಿದೆ. ಅದು ಬಾಣಂತಿಯ ಲೆಕ್ಕ, ಇದು ಅಕ್ಕಿಯ ಲೆಕ್ಕ, ಎರಡೂ ಒಂದೇ ಕೋಣೆಯಲ್ಲಿ ಬರುತ್ತದೆಂದು ಯಾರಿಗೆ ಗೊತ್ತಿತ್ತು ಎಂದಳು. ನನಗೆ ಅಳುವಿನ ನಡುವೆಯೇ ನಗು ಬಂತು.

ಮರುದಿನವೇ ಎಲ್ಲವನ್ನೂ ಕಿತ್ತೆವು. ಸುಧಾಕರ ಸುಸ್ತಾಗಿದ್ದರು, ಕೊಲಿಂಡೇಲಿನಲ್ಲಿ ಏನು ತೊಂದರೆ ಎಂದು ಮೆಲ್ಲಗೆ ಕೇಳಿದರು. ಒಂದು ತೊಂದರೆಯೂ ಇಲ್ಲ, ಅದು ನನ್ನ ಮನೆ ಅಲ್ಲ, ಅಷ್ಟೇ ಎಂದೆ. ಅವರು ಸುತ್ತಿಗೆ ಎತ್ತಿಕೊಂಡರು. ಏರ್‌ಬ್ರಿಕ್ಕಿನಿಂದ ಸೀರೆ ಎಳೆದು ತೆಗೆದೆವು. ಒದ್ದೆ ಉಣ್ಣೆ ಕಸಕ್ಕೆ ಹೋಯಿತು. ಹೋಟೆಲಿನ ಹಿಂಬದಿಯಲ್ಲಿ ಬಿದ್ದಿದ್ದ, ಪಸೆ ಹೀರುವ ಯಂತ್ರವನ್ನು ಎರವಲು ತಂದು ಗೋಡೆ ಒಣಗಿಸಿದೆವು. ಬೂಷ್ಟನ್ನು ಉಜ್ಜಿ ತೊಳೆದೆವು. ಈ ಸಲ ಇಟ್ಟಿಗೆಯಿಂದ ದೂರಕ್ಕೆ ಮರದ ಚೌಕಟ್ಟು ನಿಲ್ಲಿಸಿ, ಅದರೊಳಗೆ ಹೊಸ ಉಣ್ಣೆ ತುಂಬಿ, ಪಸೆ ತಡೆಯುವ ಹಾಳೆ ಎಳೆದು, ಮೇಲೆ ಹಲಗೆ ಹೊಡೆದೆವು. ತೂತಿನ ಇಟ್ಟಿಗೆಯ ಗಾಳಿ ಹಿಂದಿನ ಸಂದಿಯಲ್ಲಿ ತನ್ನ ಪಾಡಿಗೆ ಓಡಾಡಿಕೊಂಡಿತು. ಕೋಣೆಯ ಹಬೆ ಹೊರಹೋಗಲು ಒಂದು ಪುಟ್ಟ ಫ್ಯಾನು. ಚೌಕಟ್ಟು ನಿಂತಾಗ ಅಮ್ಮ ಹಿಂದೆ ತೋಳು ತೂರಿಸಿ ಆಡಿಸಿ ನೋಡಿ, ಆಮೇಲೆ ಉಣ್ಣೆ ತುಂಬಲು ಬಿಟ್ಟಳು.

ಕ್ರಿಸ್ಮಸ್ ಹೊತ್ತಿಗೆ ಭಾವ ಬಂದು ನೋಡಿದರು. ಗೋಡೆಗೆ ಕೆನ್ನೆ ತಾಗಿಸಿ ನಿಂತವರು ಸರಿ ಎಂದಷ್ಟೇ ಹೇಳಿ ಮೇಲೆ ಹೋದರು. ಹೆಚ್ಚಿನದನ್ನು ನಾನೂ ಕೇಳಿರಲಿಲ್ಲ.

ಜನವರಿಯಲ್ಲಿ ಮಗಳು ಹುಟ್ಟಿದಳು. ಇಲ್ಲಿ ಹೆತ್ತ ಮರುದಿನವೇ ಎದ್ದು ನಡೆ ಎಂದು ಮನೆಗೆ ಕಳಿಸುತ್ತಾರೆ. ಟ್ಯಾಕ್ಸಿಯಲ್ಲಿ ಬಂದು ನೇರವಾಗಿ ಕೆಳಗಿಳಿದೆ. ಮನೆಗೆ ಬಂದು ನೋಡುವ ಸೂಲಗಿತ್ತಿ ನರ್ಸು, ಇಲ್ಲಿಯವರ ಮಿಡ್‌ವೈಫ್, ಕೋಣೆಯ ಬಿಸಿ ಅಳೆದು, ಮೂಸಿ ನೋಡಿ, ತನ್ನ ಮನೆಗಿಂತ ಇದೇ ಒಣಗಿದೆ ಎಂದಳು. ಮಗುವಿಗೆ ಅಷ್ಟೊಂದು ಟೋಪಿ ಬೇಡ ಎಂದೂ ಹೇಳಿದಳು. ನಾನು ಅನುವಾದಿಸಿದೆ. ಅವಳು ಹೋಗುವವರೆಗೆ ಅಮ್ಮ ಟೋಪಿ ತೆಗೆದಿಟ್ಟಳು. ಅವಳು ಹೋದ ಮೇಲೆ ಮತ್ತೆ ತೊಡಿಸದಂತೆ ನಾನು ಜಗಳವಾಡಿದೆ. ಉಳಿದದ್ದೆಲ್ಲ ಅಮ್ಮನದೇ ರಾಜ್ಯ. ಎಣ್ಣೆ, ಬಿಸಿನೀರು, ಮೆಣಸಿನ ಸಾರು, ಬೆಳ್ಳುಳ್ಳಿ. ಆ ಚಳಿಗಾಲ ಲಂಡನ್ನಿನಲ್ಲಿ ನನಗೆ ಒಂಟಿ ಅನ್ನಿಸಲಿಲ್ಲ.

ಅಮ್ಮ ಹೊರಡುವ ಹಿಂದಿನ ದಿನ ಸಂಜೆ ಶಾಲಿನಿಯನ್ನು ಕರೆಸಿದಳು. ಏಕೆಂದು ನನಗೆ ಹೇಳಲಿಲ್ಲ. ನಮ್ಮ ದೇಶದವರ ಅಂಗಡಿಗಳಿರುವ ಸೌತ್‌ಹಾಲ್‌ನಿಂದ ಸುಧಾಕರನ ಕೈಲಿ ತೆಂಗಿನಕಾಯಿ, ವೀಳ್ಯದೆಲೆ, ಹಸಿರು ಬಳೆ ತರಿಸಿದ್ದಳು. ನನ್ನನ್ನು ಕೋಣೆಯ ನಡುವೆ ಕೂರಿಸಿ, ಕುಂಕುಮವಿಟ್ಟು, ಮಡಿಲಿಗೆ ಅಕ್ಕಿ, ಕಾಯಿ, ಬೆಲ್ಲ ತುಂಬಿದಳು. ಬಾಣಂತನ ಮುಗಿಸಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನಲ್ಲಿ ಮಾಡುವ ಶಾಸ್ತ್ರ. ಹೋಗುತ್ತಿರುವವಳು ನೀನು, ನಾನಲ್ಲ ಎಂದು ನಗಲು ನೋಡಿದೆ. ಅಮ್ಮ ನಗಲಿಲ್ಲ. ಮಗುವನ್ನು ನನ್ನ ತೋಳಿಗಿಟ್ಟು ಮೆಟ್ಟಿಲು ತೋರಿಸಿದಳು.

"ಇಷ್ಟ್ ದಿನ ತವರ್ಮನಿಲಿ ಇದ್ದೆ. ಇನ್ನ್ ಗಂಡನ್ ಮನಿಗೆ ಹತ್ತ್. ತಿರ್ಗಿ ಕಾಂಬುಕಾಗ."

ಹತ್ತಿದೆ. ಮೇಲಿನ ಬಾಗಿಲಲ್ಲಿ ಶಾಲಿನಿ ಗಂಡನ ಮನೆಯ ಹಿರಿಸೊಸೆಯಾಗಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಗೋರಿ ಎಂದವಳ ಕಣ್ಣಲ್ಲೂ ನೀರಿತ್ತು. ಒಳಗೆ ಬಾ ಎಂದು ನನ್ನ ಮನೆಗೇ ನನ್ನನ್ನು ಕರೆದುಕೊಂಡಳು. ಕೆಳಗೆ ಅಮ್ಮ ಅಳುವುದು ಕೇಳುತ್ತಿತ್ತು, ನಾನು ತಿರುಗಿ ನೋಡಲಿಲ್ಲ. ಮರುದಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಬ್ಬರೂ ಅಳಲಿಲ್ಲ, ಅಳುವುದೆಲ್ಲ ಮುಗಿದಿತ್ತು.

ತವರಿಗೆ ಯಾವಾಗ ಬರುತ್ತೀ ಎಂದು ಊರಿನವರು ಅಮ್ಮನ ಕೈಯಿಂದ ಫೋನು ಇಸಿದುಕೊಂಡು ಕೇಳುತ್ತಾರೆ. ಇಲ್ಲೇ ಬೇರು ಬಿಟ್ಟೆಯಲ್ಲ, ಊರನ್ನು ಮರೆತೆಯಾ ಎಂದು ಚುಚ್ಚುವವರೂ ಇದ್ದಾರೆ. ಮರೆಯಲಿಕ್ಕೆ ನಾನು ಅದನ್ನು ಬಿಟ್ಟುಬಂದಿದ್ದರೆ ತಾನೆ? ಇಟ್ಟಿಗೆ ಒಣಗಿಸಿ, ಉಣ್ಣೆ ತುಂಬಿ, ಹಟಕ್ಕೆ ಬಿದ್ದು ಈ ನೆಲದೊಳಗೇ ಕಟ್ಟಿಕೊಂಡಿದ್ದೇನೆ. ತವರಿಗೆ ಹೋಗಲು ನನಗೆ ವಿಮಾನ ಬೇಕಿಲ್ಲ, ಮೆಟ್ಟಿಲಿಳಿದರೆ ಸಾಕು. ಇಳಿದರೆ ಕೋಣೆ ಬೆಚ್ಚಗಿರುತ್ತದೆ. ಅಮ್ಮ ಇರುವುದಿಲ್ಲ.