ಐದು ಗಂಟೆಯವರೆಗೆ ಸಮಯವಿತ್ತು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿತ್ತು. ಅಲ್ಲಿದ್ದ ಹನ್ನೆರಡು ಜನರಲ್ಲಿ ಹತ್ತನೇ ತರಗತಿ ದಾಟಿದವಳು ಅವಳೊಬ್ಬಳೇ. ಹಾಗಾಗಿ ಎಲ್ಲರಿಗೂ ಅವಳು ಲೆಕ್ಕದಕ್ಕ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ ಅಕ್ಕ ಎನ್ನುತ್ತಿದ್ದರು. ರಜೆಯ ಅರ್ಜಿ ಬರೆಯಲು ಅವಳು ಬೇಕು, ಸಂಬಳದ ಚೀಟಿ ಓದಲು ಅವಳು ಬೇಕು. ಒಮ್ಮೆ ಎಲ್ಲರ ಚೀಟಿಯಲ್ಲೂ ಎರಡು ಗಂಟೆಯ ಹೆಚ್ಚುವರಿ ದುಡಿಮೆ ಬಿಟ್ಟುಹೋಗಿದ್ದನ್ನು ಪತ್ತೆಹಚ್ಚಿ, ಆಫೀಸಿಗೆ ಹೋಗಿ ಜಗಳವಾಡಿ ಕೊಡಿಸಿದ್ದಳು. ಅಂದಿನಿಂದ ಬಾಯ್ಲರ್ ನೋಡಿಕೊಳ್ಳುವವನು ಹೇಳುತ್ತಿದ್ದ: "ಬಾಯ್ಲರ್‌ಗೆ ಹುಷಾರಿಲ್ಲ ಅಂದ್ರೆ ಎಂಜಿನಿಯರ್‌ನ ಕರೀರಿ, ಸಂಬಳಕ್ಕೆ ಹುಷಾರಿಲ್ಲ ಅಂದ್ರೆ ಲೆಕ್ಕದಕ್ಕನ್ನ ಕರೀರಿ."

ಆ ಮಾತು ಕೇಳಿದಾಗೆಲ್ಲ ಅವಳು ಮುಖ ಗಂಟಿಕ್ಕಿಕೊಳ್ಳುತ್ತಿದ್ದಳು. ಒಳಗೊಳಗೇ ಮನಸ್ಸು ಸಕ್ಕರೆ ತಿಂದಂತಾಗುತ್ತಿತ್ತು.

ಅವಳ ಜೊತೆಗಾತಿಯನ್ನು ಮಡಿಕೆಯಮ್ಮ ಎಂದು ಕರೆಯುತ್ತಿದ್ದರು. ಒಣಗಿದ ಹಾಸಿಗೆ ಬಟ್ಟೆಗಳನ್ನು ಮಡಿಸುವುದೇ ಅವಳ ಕೆಲಸ. ದೊಡ್ಡ ಬಟ್ಟೆಯನ್ನು ಒಬ್ಬರೇ ಮಡಿಸಲಾಗದು. ಒಂದು ತುದಿ ಮಡಿಕೆಯಮ್ಮನ ಕೈಯಲ್ಲಿ, ಇನ್ನೊಂದು ತುದಿ ಲೆಕ್ಕದಕ್ಕನ ಕೈಯಲ್ಲಿ. ಇಬ್ಬರೂ ಎದುರುಬದುರಾಗಿ ನಡೆದು ಬರುವುದು, ಮೂಲೆಗಳನ್ನು ಕೂಡಿಸುವುದು, ಮತ್ತೆ ಹಿಂದೆ ಸರಿಯುವುದು. ಇಪ್ಪತ್ತೆರಡು ವರ್ಷ ಹೀಗೆ ನಡೆದವರ ನಡುವೆ ಹೇಳದೆ ಉಳಿದ ಮಾತೇ ಇರಲಿಲ್ಲ. ಗಂಡಂದಿರ ಗೊರಕೆಯಿಂದ ಹಿಡಿದು ನಾದಿನಿಯರ ನಾಲಗೆಯವರೆಗೆ ಎಲ್ಲವೂ ಆ ಬಟ್ಟೆಗಳ ಮೇಲೆ ಹಾದುಹೋಗಿತ್ತು.

ಲೆಕ್ಕದಕ್ಕನಿಗೆ ನಲವತ್ತೊಂಬತ್ತು ತುಂಬಿದ ವರ್ಷ ಗೋಡೆಯ ಮೇಲೆ ಒಂದು ನೋಟೀಸು ಬಂತು. ಬಟ್ಟೆ ಒಗೆಯುವ ಕೆಲಸವನ್ನು ಹೊರಗಿನವರಿಗೆ ಗುತ್ತಿಗೆ ಕೊಡುತ್ತಾರಂತೆ, ವಿಭಾಗ ಮುಚ್ಚುತ್ತಾರಂತೆ. ಇದ್ದವರಿಗೆ ಎರಡು ದಾರಿ: ಒಂದೋ ಒಟ್ಟು ಹಣವನ್ನು ಒಂದೇ ಸಲ ತೆಗೆದುಕೊಳ್ಳಬೇಕು, ಇಲ್ಲವೇ ಜೀವ ಇರುವವರೆಗೂ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ. ಹತ್ತು ದಿನದೊಳಗೆ ಫಾರಂ ತುಂಬಿ ಕೊಡಬೇಕು. ಅದರ ಜೊತೆಗೆ ಒಂದು ಪುಸ್ತಿಕೆಯನ್ನೂ ಹಂಚಿದ್ದರು. ಹನ್ನೊಂದು ಜನ ಅದನ್ನು ತೆರೆಯದೆಯೇ ಲೆಕ್ಕದಕ್ಕನ ಮುಖ ನೋಡಿದರು.

"ನೀನು ಯಾವುದಕ್ಕೆ ಟಿಕ್ ಹಾಕ್ತೀಯೋ ನಾವೂ ಅದಕ್ಕೇ," ಎಂದಳು ಮಡಿಕೆಯಮ್ಮ.

ಲೆಕ್ಕದಕ್ಕ ಪುಸ್ತಿಕೆಯ ಎರಡು ಪುಟ ಓದಿ ಮಡಚಿಟ್ಟಳು. ಉತ್ತರ ಅವಳೊಳಗೆ ಮೊದಲೇ ಇತ್ತು. ಅವಳ ಅಪ್ಪ ಹದಿನಾಲ್ಕು ವರ್ಷ ಚೀಟಿ ಕಟ್ಟಿದ್ದ; ಚೀಟಿ ನಡೆಸುವವನು ಒಂದು ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿಕೊಂಡು ಊರು ಬಿಟ್ಟಿದ್ದ. ಸಾಯುವವರೆಗೂ ಅಪ್ಪನದು ಒಂದೇ ಮಂತ್ರ: ಕೈಯಲ್ಲಿರೋದು ಮಾತ್ರ ನಮ್ಮದು, ಮಿಕ್ಕಿದ್ದೆಲ್ಲ ನೀರಿನ ಮೇಲಿನ ಬರಹ. ಆ ಮಾತು ಅವಳ ರಕ್ತಕ್ಕೇ ಇಳಿದಿತ್ತು. ಅದೇ ತಿಳಿವಳಿಕೆ ಎಂದುಕೊಂಡಿದ್ದಳು.

"ಕೈಗೆ ಬರೋದನ್ನ ಬಿಡಬಾರದು. ನಾಳೆ ಇವರು ಆಸ್ಪತ್ರೆಯನ್ನೇ ಮುಚ್ಚಿದ್ರೆ ತಿಂಗಳ ದುಡ್ಡನ್ನ ಯಾರ ಹತ್ರ ಕೇಳ್ತೀರಾ?" ಎಂದಳು. ಹನ್ನೆರಡು ಫಾರಂಗಳನ್ನೂ ಅವಳೇ ತುಂಬಿದಳು. ಮೊದಲ ಸಹಿ ತನ್ನದು.

ಕೊನೆಯ ದಿನದ ಬೆಳಿಗ್ಗೆ ಅಡುಗೆಮನೆಯಲ್ಲಿ ಹಾಲು ಕಾಯಲು ಇಟ್ಟು ನಿಂತಿದ್ದಾಗ ಆ ಪುಸ್ತಿಕೆ ಕಣ್ಣಿಗೆ ಬಿತ್ತು. ಹಾಲು ಉಕ್ಕುವವರೆಗೆ ಏನು ಮಾಡುವುದು ಎಂದು ಮೂರನೇ ಪುಟ ತೆರೆದಳು. ಒಂದೇ ಸಲ ಸಿಗುವ ಮೊತ್ತವನ್ನು ತಿಂಗಳ ಮೊತ್ತದಿಂದ ಭಾಗಿಸಿದಳು. ಎಂಬತ್ತು ಬಂತು. ಎಂಬತ್ತು ತಿಂಗಳು ಎಂದರೆ ಏಳು ವರ್ಷವೂ ಇಲ್ಲ. ಅದಕ್ಕಿಂತ ಹೆಚ್ಚು ಬದುಕಿದವರಿಗೆ ಮುಂದಿನದೆಲ್ಲ ಲಾಭ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಇತ್ತು: ತಿಂಗಳ ಹಣ ವರ್ಷವರ್ಷವೂ ಏರುತ್ತದೆ, ಆಸ್ಪತ್ರೆ ಇರಲಿ ಹೋಗಲಿ, ಅದನ್ನು ಕೊಡುವುದು ಬೇರೆಯೇ ಒಂದು ನಿಧಿ. ಅವಳ ಅಮ್ಮ ಬದುಕಿದ್ದು ಎಂಬತ್ತನಾಲ್ಕು ವರ್ಷ.

ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಬೀಗ ರಿಪೇರಿ ಮಾಡುವ ಅವಳ ಗಂಡ ಬಾಗಿಲ ಬಳಿ ಕೂತು ಕೀಲಿಗೆ ಅರ ಉಜ್ಜುತ್ತಿದ್ದ. "ಏನಾಯ್ತೇ?" ಎಂದ. ಅವಳು ಹೇಳಿದಳು. ಅವನು ಮಿತಭಾಷಿ. "ಹಾಗಾದ್ರೆ ಹೋಗಿ ಬದಲಾಯಿಸು. ಅವರಿಗೂ ಹೇಳು," ಎಂದಷ್ಟೇ ಹೇಳಿ ಮತ್ತೆ ಉಜ್ಜತೊಡಗಿದ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಆಫೀಸಿಗೆ ಹೋದಳು. ಗುಮಾಸ್ತ ಹಳೆಯ ಫಾರಂ ಹರಿದು ಹೊಸದನ್ನು ಕೊಟ್ಟ. ಅವಳು ಇನ್ನೊಂದು ಚೌಕಕ್ಕೆ ಟಿಕ್ ಹಾಕಿದಳು.

"ಕೆಳಗೆ ನಿಮ್ಮ ಜೊತೆಯವರೆಲ್ಲ ಒಟ್ಟಿಗೇ ತಗೋತೀವಿ ಅಂದಿದಾರಲ್ಲ. ಅವರಿಗೂ ಒಂದು ಮಾತು ಹೇಳಿ. ಇವತ್ತು ಐದು ಗಂಟೆವರೆಗೂ ಟೈಮ್ ಇದೆ," ಎಂದ ಗುಮಾಸ್ತ.

"ಹೇಳ್ತೀನಿ," ಎಂದಳು.

ಹೇಳಬೇಕೆಂದೇ ಮೆಟ್ಟಿಲಿಳಿದಳು. ಕೆಳಗೆ ಮದುವೆ ಮನೆಯ ಸಡಗರ. ಒಬ್ಬಳು ಮನೆಗೆ ಹೊಸ ಚಾವಣಿ ಹಾಕಿಸುತ್ತಾಳಂತೆ. ಬಾಯ್ಲರಿನವನು ಮೋಟಾರು ಸೈಕಲ್ಲಿನ ಬಣ್ಣವನ್ನೂ ಆರಿಸಿಯಾಗಿತ್ತು. ಮಡಿಕೆಯಮ್ಮ ಬಟ್ಟೆಯ ತುದಿ ಹಿಡಿದುಕೊಂಡು ಎದುರಿಗೆ ಬಂದವಳು, "ನೀನಿಲ್ದೇ ಇದ್ದಿದ್ರೆ ನಾವೆಲ್ಲ ಕಣ್ಣಿದ್ದೂ ಕುರುಡರು ಕಣೇ," ಎಂದಳು.

ಲೆಕ್ಕದಕ್ಕನ ಬಾಯಿಗೆ ಬಂದ ಮಾತು ಅಲ್ಲೇ ಅಂಟಿಕೊಂಡಿತು. ನಾನು ತಪ್ಪು ಹೇಳಿದೆ ಎನ್ನಬೇಕಿತ್ತು, ಅಷ್ಟೇ, ಮೂರು ಶಬ್ದ. ಆದರೆ ಹನ್ನೊಂದು ಮುಖಗಳು ಒಟ್ಟಿಗೆ ತನ್ನ ಕಡೆ ತಿರುಗಿ, ಇಂಥವಳನ್ನು ನಂಬಿಕೊಂಡಿದ್ದೆವಲ್ಲ ಎಂದು ನೋಡುವುದನ್ನು ನೆನೆದರೇ ಬೆವರು ಕಿತ್ತುಬರುತ್ತಿತ್ತು. ಇನ್ನೊಂದು ಬಟ್ಟೆ ಮುಗಿಯಲಿ, ಹೇಳಿಬಿಡುತ್ತೇನೆ ಎಂದುಕೊಂಡಳು. ಮೂರು ಹೊಡೆಯಿತು. ಚಹಾ ಮುಗಿಯಲಿ ಎಂದುಕೊಂಡಳು. ನಾಲ್ಕು ಹೊಡೆಯಿತು. ಗೋಡೆ ಗಡಿಯಾರದಲ್ಲಿ ಐದಾದಾಗ ಅವಳ ಎದೆಯ ಮೇಲಿನ ಭಾರ ಇಳಿದಂತಾಯಿತು. ಇನ್ನು ಹೇಳಿಯೂ ಪ್ರಯೋಜನವಿಲ್ಲವಲ್ಲ! ಆ ಕ್ಷಣದ ನಿರಾಳಕ್ಕಾಗಿ ಅವಳು ತನ್ನನ್ನು ತಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಸಂಜೆ ಗಂಡ ಕೇಳಿದ, "ಹೇಳಿದ್ಯಾ?"

"ಹೇಳಿದೆ. ಅವರು ಕೇಳಲಿಲ್ಲ."

ಅವನು ನಂಬಿದ. ನಂಬಿಕೊಂಡೇ ನಾಲ್ಕು ವರ್ಷದ ನಂತರ ತೀರಿಕೊಂಡ.

ವಿಭಾಗ ಮುಚ್ಚಿತು. ಅವಳ ಖಾತೆಗೆ ತಿಂಗಳ ಹಣ ತಪ್ಪದೆ ಬರತೊಡಗಿತು. ಒಂದು ಸಲ ಓದದೆ ಎಡವಿದೆನಲ್ಲ ಎಂಬ ಭಯಕ್ಕೋ ಏನೋ, ಗ್ರಂಥಾಲಯದಲ್ಲಿ ಹೆಂಗಸರಿಗೆಂದು ಹಣಕಾಸಿನ ತರಗತಿ ಶುರುವಾದಾಗ ಮೊದಲ ದಿನವೇ ಹೋಗಿ ಕೂತಳು. ಬ್ಯಾಂಕಿನ ಕೆಲಸ ಬಿಟ್ಟುಬಂದ ಒಬ್ಬ ಹುಡುಗಿ ಪಾಠ ಮಾಡುತ್ತಿದ್ದಳು. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. "ಖರ್ಚು ಮಾಡಿ ಮಿಕ್ಕಿದ್ದನ್ನ ಉಳಿಸ್ತೀನಿ ಅಂದ್ರೆ ಯಾವತ್ತೂ ಮಿಗಲ್ಲ. ಮೊದಲು ತೆಗೆದಿಡಿ, ಆಮೇಲೆ ಖರ್ಚು ಮಾಡಿ," ಎನ್ನುತ್ತಿದ್ದಳು ಮೇಡಂ. "ದುಡ್ಡು ಸುಮ್ನೆ ಡಬ್ಬದಲ್ಲಿ ಕೂತ್ರೆ ಸೋಪಿನ ಹಾಗೆ ಕರಗತ್ತೆ, ಬೆಲೆ ಏರ್ತಾ ಇರತ್ತಲ್ಲ." ಲೆಕ್ಕದಕ್ಕ ಎಲ್ಲವನ್ನೂ ಬರೆದುಕೊಂಡಳು, ಬರೆದುಕೊಂಡಂತೆ ನಡೆದಳು. ಒಂದು ಪಾಲು ಠೇವಣಿ, ಒಂದು ಪಾಲು ದೀರ್ಘಾವಧಿಯದು. ಹತ್ತನೇ ವರ್ಷಕ್ಕೆ ಮನೆಯ ಮೇಲೊಂದು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟಳು.

ಉಳಿದವರ ಹಣ ಬಂದ ದಾರಿಯಲ್ಲೇ ಹೋಯಿತು. ಮಡಿಕೆಯಮ್ಮನ ಅಣ್ಣನಿಗೆ ಚಾವಣಿ ಬೇಕಾಯಿತು, ಮಗನಿಗೆ ಸಾಮಾನು ಸಾಗಿಸುವ ವ್ಯಾನು ಬೇಕಾಯಿತು. ವ್ಯಾನಿನ ಎಂಜಿನ್ನು ಎರಡೇ ವರ್ಷಕ್ಕೆ ಕೈಕೊಟ್ಟಿತು, ಮಗ ಮೂರನೇ ವರ್ಷಕ್ಕೆ. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಅನ್ನುತ್ತಾರೆ. ಮಡಿಕೆಯಮ್ಮ ಒಂದು ದಿನವೂ ಕೂತು ತಿನ್ನಲಿಲ್ಲ, ಆದರೂ ಸಾಲಲಿಲ್ಲ. ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು. ವಾರಕ್ಕೊಮ್ಮೆ ಲೆಕ್ಕದಕ್ಕನ ಮನೆಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಬೆರಳ ಸಂದಿಯೆಲ್ಲ ಒಡೆದು ಕೆಂಪಾಗಿರುತ್ತಿತ್ತು. ಲೆಕ್ಕದಕ್ಕ ಮುಲಾಮು ಹಚ್ಚುತ್ತಿದ್ದಳು, ಹೊರಡುವಾಗ ಅಕ್ಕಿ, ಎಣ್ಣೆ ಕಟ್ಟಿಕೊಡುತ್ತಿದ್ದಳು. ಮಡಿಕೆಯಮ್ಮ ಅದನ್ನು ಸ್ನೇಹ ಎಂದುಕೊಂಡಳು.

ಒಂದು ಶನಿವಾರ ಮೇಡಂ ಹೇಳಿದಳು, "ಈ ಸಲ ನೀವೇ ನಾಲ್ಕು ಮಾತಾಡಿ. ಬರೋರಿಗೆ ಧೈರ್ಯ ಬರತ್ತೆ." ಲೆಕ್ಕದಕ್ಕ ಬೇಡವೆಂದರೂ ಬಿಡಲಿಲ್ಲ. ಆ ದಿನ ಮೊದಲ ಸಾಲಿನಲ್ಲಿ, ಇಸ್ತ್ರಿ ಮಾಡಿದ ಸೀರೆಯುಟ್ಟು ಮಡಿಕೆಯಮ್ಮ ಕೂತಿದ್ದಳು. ಲೆಕ್ಕದಕ್ಕ ಮೊದಲು ತೆಗೆದಿಡುವ ಬಗ್ಗೆ, ಕೋಣೆ ಕಟ್ಟಿಸಿದ ಬಗ್ಗೆ ತಡವರಿಸುತ್ತ ಹೇಳಿ ಮುಗಿಸಿದಳು. ಆಗ ಮಡಿಕೆಯಮ್ಮ ಎದ್ದು ನಿಂತಳು.

"ನಾನೂ ಒಂದು ಮಾತು ಹೇಳ್ಲಾ? ನನಗೂ ಇವಳಿಗೂ ಒಂದೇ ದಿನ, ಒಂದೇ ದುಡ್ಡು ಬಂತು. ಒಂದು ಕಾಸು ಹೆಚ್ಚಿಲ್ಲ, ಕಮ್ಮಿ ಇಲ್ಲ. ಇವಳು ಅದನ್ನ ನೆಟ್ಟು ಮರ ಮಾಡಿದ್ಲು, ನಾನು ಸೌದೆ ಮಾಡಿ ಉರಿಸ್ಬಿಟ್ಟೆ. ಎಲ್ಲಾ ಇಲ್ಲಿರೋದು," ಎಂದು ತನ್ನ ತಲೆ ಮುಟ್ಟಿ ತೋರಿಸಿದಳು. "ನನ್ನ ಹಾಗೆ ಪೆದ್ದಿ ಆಗಬೇಡಿ. ಇವಳನ್ನ ನೋಡಿ ಕಲೀರಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಕೂಡ, "ನೋಡಿ, ಮನಸ್ಥಿತಿ ಮುಖ್ಯ," ಎಂದಳು. ಲೆಕ್ಕದಕ್ಕನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹನ್ನೊಂದು ವರ್ಷ ಈ ಹೆಂಗಸು ತನ್ನನ್ನು ತಾನು ಪೆದ್ದಿ ಎಂದುಕೊಂಡು ಬದುಕಿದ್ದಳು. ಹಣ ಹೋದದ್ದು ಒಂದು ಕಡೆ. ಅದರ ಜೊತೆ ಮಡಿಕೆಯಮ್ಮನಿಗೆ ಅವಳ ಬುದ್ಧಿಯ ಮೇಲಿದ್ದ ನಂಬಿಕೆಯನ್ನೂ ತಾನು ಕಿತ್ತುಕೊಂಡಿದ್ದೆ ಎಂದು ಅವಳಿಗೆ ಹೊಳೆದದ್ದು ಆಗಲೇ.

ತರಗತಿ ಮುಗಿದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಾಗ ಅವಳು ಮಡಿಕೆಯಮ್ಮನಿಗೆ ಎಲ್ಲವನ್ನೂ ಹೇಳಿದಳು. ಎರಡು ಬಸ್ಸು ಬಂದು ಹೋದವು.

"ಹಾಗಾದ್ರೆ ನಿನಗೆ ಒಟ್ಟಿಗೆ ಬರ್ಲಿಲ್ಲ," ಎಂದಳು ಮಡಿಕೆಯಮ್ಮ ಕೊನೆಗೆ.

"ಇಲ್ಲ. ತಿಂಗಳು ತಿಂಗಳು ಬರ್ತಾ ಇದೆ. ಈಗಲೂ."

"ಐದು ಗಂಟೆವರೆಗೂ ಟೈಮ್ ಇತ್ತಾ?"

"ಇತ್ತು."

"ನಾನೆಲ್ಲಿದ್ದೆ ಆಗ?"

"ನನ್ನ ಎದುರಿಗೇ ಇದ್ದೆ."

ಮಡಿಕೆಯಮ್ಮ ತನ್ನ ಒಡೆದ ಬೆರಳುಗಳನ್ನು ನೋಡಿಕೊಂಡಳು. "ನನಗೆ ಬುದ್ಧಿ ಇಲ್ಲ ಅಂತ ನನ್ನ ಮಗ ಅಂತಿದ್ದ. ಹೌದಪ್ಪಾ ಅಂತಿದ್ದೆ," ಎಂದಳು. ಮೂರನೇ ಬಸ್ಸು ಬಂತು. ಹತ್ತಿ ಹೋದಳು, ತಿರುಗಿ ನೋಡಲಿಲ್ಲ.

ವಾರಗಳು ಕಳೆದವು, ಮಡಿಕೆಯಮ್ಮ ಬರಲಿಲ್ಲ. ಲೆಕ್ಕದಕ್ಕ ಉಳಿದವರ ಮನೆಗಳನ್ನು ಹುಡುಕಿಕೊಂಡು ಹೊರಟಳು. ಇಬ್ಬರು ತೀರಿಕೊಂಡಿದ್ದರು, ಒಬ್ಬನ ವಿಳಾಸವೇ ಸಿಗಲಿಲ್ಲ. ಬಾಯ್ಲರಿನವನು ನಕ್ಕುಬಿಟ್ಟ: "ನೀನು ಹೇಳಿದ್ರೂ ನಾನು ಕೇಳ್ತಿರಲಿಲ್ಲ ಬಿಡಕ್ಕ, ನನಗೆ ಮೋಟಾರ್ ಸೈಕಲ್ ಬೇಕಿತ್ತು." ಒಬ್ಬಳ ಮಗಳು ಮಾತು ಮುಗಿಯುವ ಮೊದಲೇ ಬಾಗಿಲು ಹಾಕಿದಳು. ಎಲ್ಲಕ್ಕಿಂತ ಕಷ್ಟವಾದದ್ದು ಕಿವಿ ಮಂದವಾಗಿದ್ದ ಒಬ್ಬ ಮುದುಕಿಯ ಮನೆಯಲ್ಲಿ. ಅವಳಿಗೆ ವಿಷಯವೇ ಅರ್ಥವಾಗಲಿಲ್ಲ. ಚಹಾ ಕೊಟ್ಟು, ಗಲ್ಲ ಹಿಡಿದು, "ಇಷ್ಟು ವರ್ಷ ಆದ್ಮೇಲೂ ನನ್ನ ನೆನಪಿಟ್ಕೊಂಡು ಬಂದ್ಯಲ್ಲ ತಾಯಿ," ಎಂದು ಕಣ್ಣೊರೆಸಿಕೊಂಡಳು.

ಐದು ತಿಂಗಳ ನಂತರ ಮಡಿಕೆಯಮ್ಮ ಬಂದಳು. ಹೊಸ್ತಿಲಾಚೆಯೇ ನಿಂತಳು. ಲೆಕ್ಕದಕ್ಕ ಮೊದಲೇ ಯೋಚಿಸಿಟ್ಟಿದ್ದನ್ನು ಹೇಳಿದಳು: ಮೇಲಿನ ಕೋಣೆಯ ಬಾಡಿಗೆ ಇನ್ನು ಮೇಲೆ ನಿನ್ನದು, ನಾನು ಸತ್ತ ಮೇಲೂ ನಿನ್ನದೇ, ಕಾಗದ ಮಾಡಿಸಿದ್ದೇನೆ.

"ಕೊಡು," ಎಂದಳು ಮಡಿಕೆಯಮ್ಮ. "ಬೇಡ ಅನ್ನೋಷ್ಟು ಶ್ರೀಮಂತಳಲ್ಲ ನಾನು. ಆದ್ರೆ ಕೊಟ್ಟುಬಿಟ್ಟೆ ಅಂತ ನಿನ್ನ ಮನಸ್ಸು ಹಗುರ ಆಗಬಾರದು."

"ಆಗಲ್ಲ," ಎಂದಳು ಲೆಕ್ಕದಕ್ಕ.

ಆ ಮಾತು ನಿಜವಾಯಿತು. ಪ್ರತಿ ತಿಂಗಳೂ ಮಡಿಕೆಯಮ್ಮ ಬಂದು ಹಣ ಎಣಿಸಿಕೊಂಡು ಹೋಗುತ್ತಾಳೆ, ಕೂರುವುದಿಲ್ಲ. ಪಾತ್ರೆ ತೊಳೆಯುವುದನ್ನು ಬಿಟ್ಟಿದ್ದಾಳೆ. ಶನಿವಾರದ ತರಗತಿಗೆ ತಪ್ಪದೆ ಬರುತ್ತಾಳೆ. ಮೊದಲ ಸಾಲಿನಲ್ಲಿ ಕೂತು, ಅರ್ಥವಾಗದ್ದನ್ನು ಮೂರು ಮೂರು ಸಲ ಕೇಳುತ್ತಾಳೆ. ಲೆಕ್ಕದಕ್ಕ ಕೊನೆಯ ಸಾಲಿನಲ್ಲಿ ಕೂರುತ್ತಾಳೆ. ಮೊನ್ನೆ ಮಡಿಕೆಯಮ್ಮ ತನ್ನ ಹೆಸರಿನಲ್ಲಿ ಒಂದು ಸಣ್ಣ ಠೇವಣಿ ಇಟ್ಟಳಂತೆ. ಫಾರಂ ಅನ್ನು ಅಕ್ಷರ ಕೂಡಿಸಿ ಕೂಡಿಸಿ ತಾನೇ ಪೂರ್ತಿ ಓದಿ, ಆಮೇಲೆ ಸಹಿ ಹಾಕಿದಳಂತೆ. ಹೇಳಿದವಳು ಮೇಡಂ.

"ಎಷ್ಟು ಚುರುಕು ಅಂತೀರಿ ಆಯಮ್ಮ! ನಿಮ್ಮ ಗೆಳತಿ ಅಲ್ವಾ?" ಎಂದಳು ಮೇಡಂ.

ಲೆಕ್ಕದಕ್ಕ ಬರೆದುಕೊಂಡ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.

"ಒಟ್ಟಿಗೆ ಕೆಲಸ ಮಾಡ್ತಿದ್ವಿ," ಎಂದಳು.