ಅಜ್ಜಿ ಜೋಳ ಕುಟ್ಟದ ಎರಡು ಬೆಳಗು

ಮೊನ್ನೆ ಬೆಳಿಗ್ಗೆ ಟೀಗೆಂದು ಕುಟ್ಟಾಣಿಯಲ್ಲಿ ಶುಂಠಿ ಜಜ್ಜುತ್ತಿದ್ದೆ. ನಾಲ್ಕು ಏಟು ಬಿದ್ದಿತ್ತೋ ಇಲ್ಲವೋ, ಪಿರಿಯಾಪಟ್ಟಣದ ಪಕ್ಕದ ನಮ್ಮೂರಿನ ಅಡುಗೆಮನೆಯಲ್ಲಿ ನಿಂತಿದ್ದವಳು ಮಲಾವಿ ದೇಶದ ಒಂದು ಹಳ್ಳಿಗೆ ಹೋಗಿಬಿಟ್ಟಿದ್ದೆ.

ಅಲ್ಲಿ ನಾನು ಎರಡು ವರ್ಷ ಇದ್ದೆ. ಬ್ಯಾರನ್ ಎಂಬ ಗೂಡಿನಲ್ಲಿ ಸೌದೆ ಉರಿಸಿ ಹೊಗೆಸೊಪ್ಪು ಬೇಯಿಸುವ ಹದ ಬಲ್ಲವರೆಂದು ನಮ್ಮ ಯಜಮಾನರನ್ನು ಅಲ್ಲಿಯ ತೋಟವೊಂದರವರು ಕರೆಸಿಕೊಂಡಿದ್ದರು. ಅವರು ಬೆಳಕು ಹರಿಯುವ ಮೊದಲೇ ಹೊರಡುವರು. ಹೊರಡುವಾಗ ದಿನವೂ ಒಂದೇ ಮಾತು. "ನಾನ್ ಬರಗಂಟ ಆಚೆ ಓಗ್ಬ್ಯಾಡ. ಜ್ವರ ಇರೋರ ಮನೆಗಂತೂ ಕಾಲಿಕ್ಬ್ಯಾಡ ಕಣೆ."

ಹಾಗಾಗಿ ಆ ಊರು ನನಗೆ ಗೊತ್ತಾದದ್ದು ಕಿವಿಯಿಂದ. ಎಲ್ಲಕ್ಕೂ ಮೊದಲು ಪಕ್ಕದ ಮನೆಯ ಅಜ್ಜಿ ಒರಳಲ್ಲಿ ಮುಸುಕಿನ ಜೋಳ ಕುಟ್ಟುವ ಸದ್ದು. ಆಮೇಲೆ ಮೇಕೆಗಳು, ಕೈಪಂಪಿನ ಕಿರುಗುಟ್ಟುವಿಕೆ. ಕೊನೆಗೆ "ಓಡಿ, ಓಡಿ" ಎನ್ನುವ ಕೂಗು. ಮೊದಲ ದಿನ ಅದನ್ನು ಕೇಳಿ ಆನೆಯೋ ಚಿರತೆಯೋ ನುಗ್ಗಿತೆಂದು ಚಿಲಕ ಹಾಕಿಕೊಂಡು ಕೂತಿದ್ದೆ. ಅವರ ಭಾಷೆಯಲ್ಲಿ ಅದು "ಒಳಗೆ ಬರಲೇ" ಎಂದು ಕೇಳುವ ಮಾತಂತೆ.

ಅಜ್ಜಿ ಒಂಟಿ. ಬೇಲಿಯ ಮೇಲಿಂದ ನನಗೆ ಕುಂಬಳದ ಕುಡಿ ಕೊಡುತ್ತಿದ್ದರು. ಅವರು ಅವರ ಭಾಷೆಯಲ್ಲಿ, ನಾನು ಕನ್ನಡದಲ್ಲಿ, ಗಂಟೆಗಟ್ಟಲೆ ಮಾತಾಡುತ್ತಿದ್ದೆವು.

ಒಂದು ಬೆಳಿಗ್ಗೆ ಕುಟ್ಟುವ ಸದ್ದು ಬರಲಿಲ್ಲ. ಎದ್ದು ಬೇಲಿಯವರೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ನೆಂಟರ ಮನೆಗೆ ಹೋಗಿರಬೇಕು ಎಂದುಕೊಂಡೆ. ನೆಂಟರ ಮನೆಗೆ ಹೋಗುವವರು ಬಾಗಿಲು ತೆರೆದಿಟ್ಟು ಹೋಗುತ್ತಾರೆಯೇ, ಹೇಳಿ? ಅದು ನನಗೂ ಗೊತ್ತಿತ್ತು. ಜ್ವರದ ಮನೆ ಇರಬಹುದೆಂಬ ಭಯಕ್ಕೆ ವಾಪಸು ಬಂದು ಅನ್ನಕ್ಕಿಟ್ಟೆ. ಯಜಮಾನರಿಗೂ ಹೇಳಲಿಲ್ಲ.

ಮರುದಿನವೂ ಸದ್ದಿಲ್ಲ. ಈ ಸಲ ಬೇಲಿ ದಾಟಿದೆ. "ಓಡಿ" ಎಂದೆ. ಬಾಗಿಲು ತಳ್ಳಿದೆ. ಒಳಗೆ ಅಜ್ಜಿ ಚಾಪೆಯ ಮೇಲಿದ್ದರು. ಮೈ ಕೆಂಡ, ತುಟಿ ಒಡೆದಿತ್ತು. ನೀರು ಕುಡಿಸಿ ಯಜಮಾನರಿಗೆ ಫೋನ್ ಮಾಡಿದೆ. ತೋಟದ ಪಿಕಪ್ಪಿನಲ್ಲಿ ಆಸ್ಪತ್ರೆಗೆ ಹೋದೆವು. ಜ್ವರ ಯಾವಾಗಿನಿಂದ ಎಂದು ನರ್ಸ್ ಇಂಗ್ಲಿಷಿನಲ್ಲಿ ಕೇಳಿದಳು. ಅಷ್ಟು ಇಂಗ್ಲಿಷು ನನಗೆ ಬರುತ್ತಿತ್ತು. "ಇವತ್ತಿನಿಂದ" ಎಂದುಬಿಟ್ಟೆ.

ಮನೆಗೆ ಬಂದ ಮೇಲೆ ದಿಗಿಲು ಹತ್ತಿತು. ದಿನ ತಪ್ಪಿ ಹೇಳಿದ್ದರಿಂದ ಔಷಧಿ ತಪ್ಪಿದರೆ? ಸಂಜೆ ಯಜಮಾನರನ್ನು ಮತ್ತೆ ಹೊರಡಿಸಿಕೊಂಡು ಹೋಗಿ ನರ್ಸ್ ಎದುರು ಎರಡು ಬೆರಳು ತೋರಿಸಿದೆ. ಎರಡು ದಿನ. ಅವಳು ತಲೆ ಎತ್ತದೆ ಬರೆದುಕೊಂಡಳು.

"ನಂಗೂ ಏಳ್ನಿಲ್ವಲ್ಲ ನೀನು" ಎಂದರು ಯಜಮಾನರು. ಸ್ವಲ್ಪ ದೂರ ಬಂದ ಮೇಲೆ, "ಓಗ್ಬ್ಯಾಡ ಅಂದೋನು ನಾನೇ, ಬುಡು" ಎಂದರು. ಅದರಿಂದ ನನಗೇನೂ ಹಗುರಾಗಲಿಲ್ಲ.

ಅಜ್ಜಿ ಉಳಿದರು. ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಧಂ ಎಂದಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕಿವಿಗೊಟ್ಟು ಕಾದೆ. ಮತ್ತೊಂದು ಧಂ.

ಊರಿಗೆ ಬಂದ ಮೇಲೂ ನನ್ನ ಕಿವಿ ಅದೇ ಕೆಲಸ ಮಾಡುತ್ತದೆ. ಹೋದ ವಾರ ಎದುರುಮನೆಯ ಜಯಮ್ಮನ ಪೊರಕೆ ಸದ್ದು ಕೇಳಲಿಲ್ಲ. ತಡೆಯಲಾಗದೆ ಹೋಗಿ ಬಾಗಿಲು ಬಡಿದೆ. ಕೆದರಿದ ಕೂದಲಲ್ಲೇ ಎದ್ದು ಬಂದಳು.

"ಏನಕ್ಕ?"

"ಏನಿಲ್ಲ ಕಣೆ. ಸದ್ದೇ ಇರ್ನಿಲ್ಲ, ಅದ್ಕೆ."

"ರಾತ್ರೆಲ್ಲ ಬ್ಯಾರನ್‌ಗೆ ಸೌದೆ ಆಕಿ ಈಗ ಕಣ್ಣತ್ತಿತ್ತು ಕಣಕ್ಕ" ಎಂದು ಗೊಣಗಿ ಬಾಗಿಲು ಹಾಕಿಕೊಂಡಳು. ನಾಚಿಕೊಂಡು ವಾಪಸು ಬಂದೆ.

ಈಗ ಸೊಪ್ಪು ಬೇಯಿಸಿ ಬಂದ ದಿನ ಜಯಮ್ಮ ಮಲಗುವ ಮುಂಚೆ ಬೀದಿಗೆಲ್ಲ ಕೇಳುವ ಹಾಗೆ ಒಂದು ಸಲ ಕೂಗುತ್ತಾಳೆ. "ಅಕ್ಕೋ, ಮನಿಕತ್ತೀನಿ ಕಣಕ್ಕ. ಬಾಗ್ಲು ತಟ್ಬ್ಯಾಡ."